ಎರಡು ಬೆರಳು ಸಡಿಲ

"ಕೈ ಯಾಕೆ ಎತ್ತಿದ್ದೀಯೇ ಪುಟ್ಟಿ? ಇಲ್ಲಿ ಯಾರಾದ್ರೂ ಹಾಜರಿ ಕೂಗ್ತಿದ್ದಾರಾ?" ಎಂದು ಗುಂಡಿಗೆ ಕಾಜಾ ಹೊಲಿಯುತ್ತಿದ್ದ ಅತ್ತಿಗೆ ನಕ್ಕಳು.

ಪುಟ್ಟಿ ತಟ್ಟನೆ ಕೈ ಇಳಿಸಿದಳು. ಬಚ್ಚಲಿಗೆ ಹೋಗಬೇಕಿತ್ತು, ಅಷ್ಟೆ. ಅಪ್ಪ ಕಟ್ಟಿದ ಹೊಲಿಗೆ ಅಂಗಡಿ, ಹಿಂದುಗಡೆಯೇ ಮನೆ, ಅಪ್ಪಣೆ ಕೇಳಬೇಕಾದವರು ಯಾರೂ ಇಲ್ಲ. ಆದರೂ ಕೈ ತಾನಾಗಿಯೇ ಮೇಲೆದ್ದಿತ್ತು. ಸಮುದ್ರದಾಚೆಯ ಬಟ್ಟೆ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಕೈ ಎತ್ತಿ, ಸೂಪರ್‌ವೈಸರ್ ತಲೆಯಾಡಿಸಿದ ಮೇಲೆಯೇ ಎದ್ದು ರೂಢಿ. ಊರಿಗೆ ಬಂದು ಹನ್ನೆರಡು ದಿನವಾಗಿತ್ತು. ಎದುರಿನ ಶಾಲೆಯ ಗಂಟೆ ಹೊಡೆದರೆ ಅರ್ಧ ತಿಂದ ತಟ್ಟೆ ಬಿಟ್ಟು ಎದ್ದುಬಿಡುತ್ತಿದ್ದಳು. ಅಣ್ಣ, ಅತ್ತಿಗೆ, ಗಿರಾಕಿಗಳು ಎಲ್ಲರೂ ಒಟ್ಟಿಗೇ ಮಾತಾಡಿದರೆ ಯಾರಿಗೆ ಉತ್ತರ ಕೊಡಬೇಕೋ ತಿಳಿಯದೆ ಸುಮ್ಮನಾಗುತ್ತಿದ್ದಳು. "ಫಾರಿನ್ನಿನವರು ಅಳೆದು ತೂಗಿ ಮಾತಾಡ್ತಾರಪ್ಪ" ಎಂದು ಅತ್ತಿಗೆ ಅದಕ್ಕೂ ಒಂದು ಮಾತು ಕುಟುಕುತ್ತಿದ್ದಳು. ಆಕೆಯ ಬಾಯಿಗೆ ಬೀಗವಿರಲಿಲ್ಲ, ಹೊಟ್ಟೆಯಲ್ಲಿ ವಿಷವೂ ಇರಲಿಲ್ಲ.

ಬೇರೆಯವರಿಗೆ ನಗು ಬರುವಂಥದ್ದೇ ಇದೆಲ್ಲ. ಪುಟ್ಟಿಗೆ ಮಾತ್ರ ಸಿಕ್ಕಿಬೀಳುವ ಭಯ. ಮೂರು ವಾರದ ರಜೆ ಎಂದು ಮನೆಯಲ್ಲಿ ಹೇಳಿದ್ದು ಶುದ್ಧ ಸುಳ್ಳು. ಕಾರ್ಖಾನೆಯವರು ಅವಳ ಕರಾರು ಮುಂದುವರಿಸಿರಲಿಲ್ಲ. ಹಿಂತಿರುಗಲು ಕೆಲಸವಿರಲಿಲ್ಲ, ನಿಜ ಹೇಳಬೇಕೆಂದರೆ ಮನಸ್ಸೂ ಇರಲಿಲ್ಲ. ಸತ್ತ ಅಪ್ಪ ನಿಲ್ಲುತ್ತಿದ್ದ ಈ ಮೇಜಿನ ಮುಂದೆ ತಾನು ನಿಲ್ಲಬೇಕು, ಅದೊಂದೇ ಆಸೆ. ಅಣ್ಣನ ಕಣ್ಣು ಮಂಜಾಗಿ ಬಟ್ಟೆ ಕತ್ತರಿಸುವುದು ಕಷ್ಟವಾಗಿತ್ತು. ಸೋಮವಾರದಿಂದ ಹೊರಗಿನ ಕಟಿಂಗ್ ಮಾಸ್ಟರ್ ಒಬ್ಬರನ್ನು ಕರೆಸುವ ಮಾತು ನಡೆದಿತ್ತು. ಇವತ್ತು ಸಂಜೆ ಅಣ್ಣ ಅವರಿಗೆ ಫೋನ್ ಮಾಡುವವನಿದ್ದ. ಅದಕ್ಕೆ ಮುಂಚೆ "ನಾನೇ ಇದ್ದೀನಲ್ಲ ಅಣ್ಣ" ಎನ್ನಬೇಕು. ಆದರೆ ಯಾವ ಮುಖ ಇಟ್ಟುಕೊಂಡು? ಒಂಬತ್ತು ವರ್ಷ ಅವಳು ಹೊಲಿದದ್ದು ಎಡತೋಳು. ದಿನಕ್ಕೆ ನಾನೂರು ಎಡತೋಳು. ಬಲತೋಳು ಹೊಲಿಯುವವಳು ಬೇರೆ ಸಾಲಿನಲ್ಲಿದ್ದಳು. ಅವಳ ಮುಖ ಕೂಡ ಪುಟ್ಟಿಗೆ ಸರಿಯಾಗಿ ಗೊತ್ತಿರಲಿಲ್ಲ. ಅಣ್ಣನೋ ಬಂದ ಗಿರಾಕಿಗಳಿಗೆಲ್ಲ "ನಮ್ಮ ಪುಟ್ಟಿ ಅಲ್ಲಿ ದೊರೆಗಳ ಕೋಟು ಹೊಲೀತಾಳೆ" ಎಂದು ಡಂಗುರ ಸಾರಿಟ್ಟಿದ್ದ.

ಅವಳು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಅಣ್ಣ ಮೇಜಿನ ಮೇಲೆ ಬೂದುಬಣ್ಣದ ಉಣ್ಣೆ ಬಟ್ಟೆ ಹರಡಿದ್ದ. ಎದುರಿನ ಶಾಲೆಯ ಮುಖ್ಯೋಪಾಧ್ಯಾಯಿನಿ, ದೊಡ್ಡ ಟೀಚರ್ ಅವರದು. ಶನಿವಾರ ಅವರಿಗೆ ನಿವೃತ್ತಿ. ಹಳೆಯ ವಿದ್ಯಾರ್ಥಿಗಳು ಸೇರಿ ಅವರ ಕೋಟಿಗೆಂದು ಎಲ್ಲಿಂದಲೋ ತರಿಸಿಕೊಟ್ಟ ಬಟ್ಟೆ.

"ತಗೋ, ನೀನೇ ಕತ್ತರಿಸು," ಎಂದು ಅಣ್ಣ ಕತ್ತರಿ ಮುಂದಿಟ್ಟ. "ಅಳತೆ ನಿನ್ನೆಯೇ ಬರೆದಿಟ್ಟಿದ್ದೀನಿ. ಬಟ್ಟೆ ಸರಿಯಾಗಿ ಅಷ್ಟೇ ಇದೆ, ಒಂದು ಗೇಣೂ ಮಿಗಲ್ಲ. ಹುಷಾರು."

"ನಾನಾ?"

"ಮತ್ತೆ? ಲೋಕಕ್ಕೆಲ್ಲ ಹೊಲಿದವಳಿಗೆ ನಮ್ಮ ಟೀಚರ್ ಭಾರವಾದ್ರಾ? ನಾನು ಪೇಟೆಗೆ ಹೋಗಿ ಗುಂಡಿ ತಂದುಬಿಡ್ತೀನಿ."

ಪುಟ್ಟಿ ಅಳತೆ ಪುಸ್ತಕವನ್ನು ಮೂರು ಸಲ ಓದಿದಳು. ಎದೆ ನಲವತ್ತು. ಸೊಂಟ ಮೂವತ್ತಾರು. ಸೀಮೆಸುಣ್ಣದ ಬಿಲ್ಲೆಯಿಂದ ಗೆರೆ ಎಳೆದಳು, ಅಳೆದಳು, ಒರೆಸಿ ಮತ್ತೆ ಎಳೆದಳು. ಹೊಲಿಗೆಯ ಅಂಚಿಗೆ ಬೇಕಾದಷ್ಟು ಬಟ್ಟೆಯನ್ನೂ ಹೆಚ್ಚಿಗೆ ಬಿಟ್ಟಳು. ಕಾರ್ಖಾನೆಯಲ್ಲಿ ಕಾಗದದ ಅಂಕಿಗಿಂತ ಒಂದೆಳೆ ಆಚೀಚೆಯಾದರೂ ಇಡೀ ಸಾಲಿನ ಮುಂದೆ ನಿಲ್ಲಿಸಿ ಬೈಯುತ್ತಿದ್ದರು. ಇಲ್ಲಿ ಅವಳು ಕೂದಲೆಳೆಯಷ್ಟೂ ತಪ್ಪಲಿಲ್ಲ. ಗೆರೆಯ ಮೇಲೆಯೇ ಕತ್ತರಿ ಆಡಿಸಿದಳು. ತುಂಡುಗಳನ್ನು ಕೂಡಿಸಿ ಕಚ್ಚಾ ಹೊಲಿಗೆ ಹಾಕಿ ಮುಗಿಸಿದಾಗ, ಸದ್ಯ, ಕೈ ಮರೆತಿಲ್ಲ ಎಂದುಕೊಂಡಳು.

"ತಾ ಇಲ್ಲಿ, ನಾನೂ ಟೀಚರೂ ಒಂದೇ ಗಾತ್ರ," ಎಂದು ಅತ್ತಿಗೆ ಕೋಟಿನೊಳಗೆ ತೂರಿಕೊಂಡಳು. ಬೆನ್ನ ಹತ್ತಿರ ಬಿಗಿಯಾಯಿತು. ಮುಂದೆ ಎರಡು ಅಂಚು ಒಂದನ್ನೊಂದು ಮುಟ್ಟಲೇ ಇಲ್ಲ. ಅತ್ತಿಗೆ ಹೊಟ್ಟೆ ಒಳಗೆಳೆದು ಜಗ್ಗಿದಳು. "ಅಯ್ಯೋ, ಬೆಳಗ್ಗೆಯಿಂದ ನಾನೇನೂ ಅಷ್ಟು ತಿಂದಿಲ್ಲವಲ್ಲೇ!"

ಪುಟ್ಟಿಗೆ ಆಗ ಹೊಳೆಯಿತು. ಈ ಅಂಗಡಿಯ ಪುಸ್ತಕದಲ್ಲಿ ಬರೆಯುವುದು ಬರೀ ಮೈಯ ಅಳತೆ. ಸಡಿಲ ಎಷ್ಟು ಎಂದು ಬರೆಯುವ ಪದ್ಧತಿಯೇ ಇಲ್ಲ. ಗೆರೆ ಎಳೆಯುವವರು ಪ್ರತಿ ತುಂಡಿಗೂ ಎರಡು ಬೆರಳಿಟ್ಟು ಅಷ್ಟು ಬಟ್ಟೆ ಹೆಚ್ಚಿಗೆ ಬಿಡಬೇಕು; ತೊಡುವವರು ಎಂಥವರು ಎಂದು ನೋಡಿ ಇನ್ನಷ್ಟು. "ಬೋರ್ಡ್ ಮೇಲೆ ಬರೆಯೋರಿಗೆ ತೋಳು ಆಡಿಸಕ್ಕೆ ಜಾಗ ಬೇಡ್ವೇನೇ?" ಎಂದು ಅಪ್ಪ ಹೇಳಿಕೊಟ್ಟಾಗ ಅವಳಿಗೆ ಹದಿನಾರು. ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದ ಕೆಲಸ. ಅದು ತಲೆಯಿಂದ ಜಾರಿಹೋಗಿದೆ ಎಂಬುದೇ ಈ ಗಳಿಗೆಯವರೆಗೆ ಅವಳಿಗೆ ತಿಳಿದಿರಲಿಲ್ಲ.

ಅಷ್ಟರಲ್ಲಿ ಗುಂಡಿಯ ಪೊಟ್ಟಣ ಹಿಡಿದು ಅಣ್ಣ ಬಂದ. ಅತ್ತಿಗೆಯ ಮೈಮೇಲಿನ ಕೋಟನ್ನು ಕೈಯಿಂದಲೇ ಸವರಿ ನೋಡಿದ. ಮುಖ ಬಾಡಿಹೋಯಿತು.

"ಹಾಳು ಕಣ್ಣು ನಂದು," ಎಂದು ಸ್ಟೂಲಿನ ಮೇಲೆ ಕುಸಿದ. "ಟೇಪು ಸರಿಯಾಗಿ ನೋಡ್ದೆ ಏನೋ ಗೀಚಿದ್ದೀನಿ. ನಿಂದೇನೂ ತಪ್ಪಿಲ್ಲ ಬಿಡು ಪುಟ್ಟಿ, ಅಷ್ಟು ದೊಡ್ಡ ಕಡೆ ಕೆಲಸ ಮಾಡಿದವಳು ನೀನು. ಇನ್ಮೇಲೆ ಅಳತೆ ಬರೆಯಕ್ಕೂ ನಾನು ಲಾಯಕ್ಕಿಲ್ಲ."

ಸುಮ್ಮನಿದ್ದರೆ ಸಾಕಿತ್ತು. "ಹೌದಣ್ಣ, ಅದಕ್ಕೇ ನಾನಿಲ್ಲಿ ಉಳೀತೀನಿ" ಎಂದಿದ್ದರೆ ಅಣ್ಣ ಕೈಮುಗಿದು ಒಪ್ಪುತ್ತಿದ್ದ. ಇಂಥ ಯೋಚನೆ ಬಂತಲ್ಲ ಎಂದು ಪುಟ್ಟಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆದರೂ ಆ ಮಾತು ನಾಲಿಗೆಯ ತುದಿ ಬಿಟ್ಟು ಹೋಗಲಿಲ್ಲ. ಅಣ್ಣ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದ, ಒರೆಸಿದರೆ ಸರಿಹೋಗುತ್ತದೆ ಎನ್ನುವ ಹಾಗೆ.

"ನಿನ್ನ ಕಣ್ಣಿನ ತಪ್ಪಲ್ಲಣ್ಣ," ಎಂದಳು. "ಅಂಕಿ ಸರಿಯಾಗೇ ಇದೆ. ಬೆರಳು ಬಿಡೋದು ನಾನು ಮರೆತೆ. ಕೋಟು ಗೀಟು ಏನೂ ನಂಗೆ ಬರಲ್ಲ. ಒಂಬತ್ತು ವರ್ಷ ಎಡತೋಳು ಬಿಟ್ಟು ಬೇರೇನೂ ಹೊಲಿದಿಲ್ಲ. ರಜೆನೂ ಸುಳ್ಳು. ಅವರು ಕಳಿಸಿಬಿಟ್ರು. ಇಲ್ಲೇ ಇದ್ದುಬಿಡೋಣ ಅಂತ ಬಂದೆ, ಹೇಳಕ್ಕೆ ಬಾಯಿ ಬರಲಿಲ್ಲ."

ಅತ್ತಿಗೆ ಕೋಟು ಬಿಚ್ಚುತ್ತಿದ್ದಳು. ಒಂದು ತೋಳು ಒಳಗೆ, ಒಂದು ಹೊರಗೆ, ಹಾಗೇ ನಿಂತಿದ್ದಳು. ಅಣ್ಣ ಎದ್ದು ಅವಳಿಂದ ಕೋಟು ಬಿಡಿಸಿಕೊಂಡು ಮೇಜಿನ ಮೇಲೆ ಹಾಸಿ, ಕಂಕುಳ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ.

"ಎರಡೂ ಕಡೆ ಪಟ್ಟಿ ಸೇರಿಸಬೇಕು. ಈ ಬಟ್ಟೇಲಿ ಉಳಿದಿರೋ ಚೂರು ಸಾಲಲ್ಲ, ಕಪ್ಪಂದು ಹಾಕಬೇಕು. ಅವರು ಒಪ್ಪಿದ್ರೆ," ಎಂದ. ಪುಟ್ಟಿಯ ಕಡೆ ನೋಡಲಿಲ್ಲ. "ಶಾಲೆ ಬಿಡೋ ಹೊತ್ತು. ಈಗ ಬರ್ತಾರೆ. ನೀನೇ ಹೇಳು."

ಫೋನ್ ತೆಗೆದುಕೊಂಡು ಹೊರಗೆ ಮೆಟ್ಟಿಲ ಬಳಿ ಹೋದ.

ಶಾಲೆ ಮುಗಿಸಿ ಬಂದ ದೊಡ್ಡ ಟೀಚರ್ ಪುಟ್ಟಿ ಹೇಳಿದ್ದನ್ನೆಲ್ಲ ನಿಂತೇ ಕೇಳಿಸಿಕೊಂಡರು. "ಅಂದ್ರೆ, ಹಾಳು ಮಾಡಿದ್ದೀಯ."

"ಹೌದು ಟೀಚರ್."

"ಪಟ್ಟಿ ಕಾಣತ್ತಾ?"

"ತೋಳು ಎತ್ತಿದ್ರೆ ಕಾಣತ್ತೆ."

ಟೀಚರ್ ಬಟ್ಟೆಯನ್ನು ಒಮ್ಮೆ ಸವರಿದರು. ಕೈಚೀಲವನ್ನು ಅತ್ತಿಗೆಗೆ ಕೊಟ್ಟು, "ತಗೋ ಅಳತೆ, ಸರಿಯಾಗಿ ತಗೋ," ಎಂದು ತೋಳು ಅಗಲಿಸಿ ನಿಂತರು.

ಪುಟ್ಟಿ ಟೇಪನ್ನು ಅವರ ಬೆನ್ನ ಹಿಂದಿನಿಂದ ತಂದಳು. ಹೊರಗೆ ಅಣ್ಣನ ದನಿ ಕೇಳಿಸಿತು. "ಹೂಂ ಮಾಸ್ಟ್ರೇ, ಸೋಮವಾರವೇ ಬನ್ನಿ."

ಅವಳ ಕೈ ನಿಂತುಹೋಯಿತು. ಹನ್ನೆರಡು ದಿನ ಹೆದರಿದ್ದು ಇದಕ್ಕೇ. ಆಯಿತು, ಮುಗಿಯಿತು. ಟೇಪಿನ ಅಂಕಿಗಳು ಕಣ್ಣಿಗೆ ಕಲಸಿಹೋದವು.

"ಇನ್ನೊಂದು ವಿಷಯ," ಎನ್ನುತ್ತಿದ್ದ ಅಣ್ಣ. "ಇಲ್ಲಿ ಒಬ್ಬರಿಗೆ ಕೆಲಸ ಹೇಳಿಕೊಡಬೇಕು. ಮೊದಲಿಂದ... ವಯಸ್ಸಾ? ಮೂವತ್ತೊಂದು... ಇಲ್ಲ ಇಲ್ಲ, ಬಿಟ್ಟು ಹೋಗೋರಲ್ಲ. ನಮ್ಮ ಮನೆ ಮಗಳೇ."

ಟೀಚರ್ ಉಸಿರು ಬಿಗಿಹಿಡಿದು ನಿಂತೇ ಇದ್ದರು. ಪುಟ್ಟಿ ಟೇಪಿನ ಎರಡು ತುದಿ ಕೂಡಿಸಿ, ಒಳಗೆ ಎರಡು ಬೆರಳು ತೂರಿಸಿದಳು.

"ಉಸಿರು ಬಿಡಿ ಟೀಚರ್," ಎಂದಳು.