ಎಣ್ಣೆ ಸೋರುವ ಒಂದು ಗಂಟೆ

೨೦೧೯ರ ಫೆಬ್ರವರಿ ೧೭, ಭಾನುವಾರ, ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಅಕ್ಕ ಕಾರಿನ ಕೆಳಗೆ ಅಂಗಾತ ಮಲಗಿ, ಹದಿನೇಳರ ಸ್ಪ್ಯಾನರಿನಿಂದ ಇಂಜಿನ್ನಿನ ತಳದ ತಿರುಪನ್ನು ಸಡಿಲಿಸಿದಳು. ಕೊನೆಯ ಸುತ್ತನ್ನು ಬೆರಳಲ್ಲೇ ಬಿಡಿಸಿ ಕೈಯನ್ನು ಸರಕ್ಕನೆ ಎಳೆದುಕೊಂಡಳು. ಕಪ್ಪು ಎಣ್ಣೆ ಹೆಬ್ಬೆರಳು ದಪ್ಪದ ಧಾರೆಯಾಗಿ ಅಗಲವಾದ ತಟ್ಟೆಗೆ ಬಿತ್ತು.

ಅವಳು ಹೊರಗೆ ತೆವಳಿಕೊಂಡು ಬರುವಾಗ ತಮ್ಮ ಗೇಟಿನ ಹತ್ತಿರ ಫೋನಿನಲ್ಲಿದ್ದ. "ಹೂಂ, ನಾಲ್ಕು ಗಂಟೆಗೆ ಬನ್ನಿ. ಬರೋದು ಬೇಡ ಅಂದ್ರೆ ನಾನೇ ಫೋನ್ ಮಾಡ್ತೀನಿ," ಎಂದು ಮುಗಿಸಿದ. ಆ ಕಡೆ ಇದ್ದವನು ಹಳೇ ಕಾರು ಕೊಳ್ಳುವ ಗುಜರಿಯವನು.

ತಕರಾರು ಶುರುವಾಗಿದ್ದು ಆರು ತಿಂಗಳ ಹಿಂದೆ. ಬೀದಿ ಮೂಲೆಯ ಮೆಕ್ಯಾನಿಕ್ ಕಾರಿನ ಹೊಗೆ ನೋಡಿ, "ಇದು ಎಣ್ಣೆ ಕುಡೀತಿದೆ, ನಡುದಾರೀಲಿ ಕೈ ಕೊಡುತ್ತೆ," ಎಂದಿದ್ದ. ತಮ್ಮ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ. ಅಕ್ಕ ಅದೇ ಕಾರಿನಲ್ಲಿ ದಿನವೂ ಮೂವತ್ತು ಕಿಲೋಮೀಟರ್ ಹೋಗಿಬರುವುದು ಅವನಿಗೆ ಭಯ. ಆದರೆ ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ರಸಾಯನಶಾಸ್ತ್ರ ಕಲಿಸಿದವಳು ಹೊಗೆ ನೋಡಿ ತೀರ್ಪು ಕೊಡುವುದಕ್ಕೆ ಒಪ್ಪುವವಳಲ್ಲ. ಕೊನೆಗೆ ಒಂದು ಒಪ್ಪಂದವಾಯಿತು: ಅಳೆದು ನಾಲ್ಕು ಲೀಟರ್ ಹೊಸ ಎಣ್ಣೆ ತುಂಬುವುದು, ನಡುವೆ ಒಂದು ಹನಿಯೂ ಹಾಕದೆ ನಾಲ್ಕು ಸಾವಿರ ಕಿಲೋಮೀಟರ್ ಓಡಿಸುವುದು, ಆಮೇಲೆ ಇಳಿಸಿ ಅಳೆಯುವುದು. ಮೂರು ಲೀಟರ್ ಸಿಕ್ಕರೆ ಕಾರು ಮನೆಯಲ್ಲೇ ಇರುತ್ತದೆ. ಕಡಿಮೆಯಾದರೆ ಗುಜರಿಗೆ.

"ಅಳೆಯೋಣ್ವಾ?" ಎಂದ ತಮ್ಮ.

"ಒಂದು ಗಂಟೆ ತಡಿ. ಬಿಸಿ ಎಣ್ಣೆ ಹಿಗ್ಗಿರುತ್ತೆ. ತುಂಬಿದಾಗ ತಣ್ಣಗಿತ್ತು, ತಣ್ಣಗಾದ ಮೇಲೇ ಅಳೀಬೇಕು."

"ಒಂದು ಗಂಟೆ ಸೋರಬೇಕು ಕಣೋ," ಎಂದು ಬೆತ್ತದ ಕುರ್ಚಿಯಿಂದ ಅಮ್ಮನೂ ದನಿಗೂಡಿಸಿದಳು. "ಕೊನೇ ಹನಿಗಳಲ್ಲೇ ಕೊಳೆ ಜಾಸ್ತಿ."

ಎಪ್ಪತ್ತೊಂಬತ್ತರ ಅಮ್ಮನಿಗೆ ಆ ಮಾತು ಹೇಳುವ ಹಕ್ಕಿತ್ತು. ಕಾರು ಅವಳದು. ಹೆರಿಗೆ ಮಾಡಿಸುವ ನರ್ಸ್ ಆಗಿದ್ದ ಅವಳನ್ನು ಯಾರ ಮನೆಯವರಾದರೂ ಯಾವ ಹೊತ್ತಿನಲ್ಲಾದರೂ ಬಂದು ಕರೆಯುತ್ತಿದ್ದರು. ತುತ್ತು ಬಾಯಿಗೆ ಹೋಗುವ ಮೊದಲೇ ಅವಳು ಚೀಲ ಎತ್ತಿಕೊಂಡು ಹೊರಟಿರುತ್ತಿದ್ದಳು. ಎಣ್ಣೆ ಬದಲಾಯಿಸುವುದನ್ನು ಮಾತ್ರ ಯಾರಿಗೂ ಬಿಟ್ಟವಳಲ್ಲ. ಮೂರು ತಿಂಗಳಿಗೊಮ್ಮೆ ತಾನೇ ಕಾರಿನ ಕೆಳಗೆ ನುಗ್ಗುತ್ತಿದ್ದಳು. ಎಣ್ಣೆ ಸೋರುವ ಆ ಒಂದು ಗಂಟೆ ಕಾರು ಎಲ್ಲಿಗೂ ಹೋಗುವಂತಿಲ್ಲ, ಆದ್ದರಿಂದ ಅಮ್ಮನೂ ಹೋಗುವಂತಿಲ್ಲ. ಮಕ್ಕಳಿಬ್ಬರೂ ಆ ಗಂಟೆಗೆಂದೇ ಮಾತು ಕೂಡಿಟ್ಟಿರುತ್ತಿದ್ದರು. ಹಲ್ಲು ಅಲ್ಲಾಡಿದ್ದು, ಟೀಚರ್ ಬೈದಿದ್ದು, ಲೆಕ್ಕದಲ್ಲಿ ಸೊನ್ನೆ ಬಂದಿದ್ದು, ಎಲ್ಲವನ್ನೂ ಕಾರಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಹೇಳುತ್ತಿದ್ದರು. ಅಮ್ಮ ತುಂಡು ಬಟ್ಟೆಯಿಂದ ತಿರುಪು ಒರೆಸುತ್ತಾ ಕೇಳುತ್ತಿದ್ದಳು. ಸೊನ್ನೆಗೂ ಬೈಯುತ್ತಿರಲಿಲ್ಲ.

ಈಗಲೂ ಮೂವರು ಹಾಗೆಯೇ ಕೂತಿದ್ದರು. ಧಾರೆ ನೂಲಿನಷ್ಟು ಸಣ್ಣದಾಗಿ, ಆಮೇಲೆ ಹನಿಯಾಯಿತು. ಅಕ್ಕ ಹನಿಗಳನ್ನು ಎಣಿಸಿದಳು, ನಿಮಿಷಕ್ಕೆ ನಲವತ್ತು. ಈ ಕಾರು ಹೋದರೆ ಹೀಗೆ ಕೂರುವುದಕ್ಕೆ ನೆಪ ಉಳಿಯುವುದಿಲ್ಲ ಅನ್ನಿಸಿದಾಗ, ಇಷ್ಟು ವರ್ಷ ಹೇಳದೆ ಉಳಿಸಿಕೊಂಡಿದ್ದ ಮಾತೊಂದು ತಾನಾಗಿ ಹೊರಬಂತು.

"ಅಮ್ಮ, ಒಂದ್ಸಲ ತಿರುಪು ಕಳೆದುಹೋಗಿತ್ತಲ್ಲ, ಅದನ್ನ ಬಚ್ಚಿಟ್ಟಿದ್ದು ನಾನು. ಉಪ್ಪಿನ ಡಬ್ಬೀಲಿ."

ತಮ್ಮ ತಿರುಗಿ ನೋಡಿದ. "ಏನಂದೆ?"

"ತಿರುಪು ಇಲ್ದಿದ್ರೆ ಅಮ್ಮ ಇಡೀ ದಿನ ಮನೇಲೇ ಇರ್ತಾಳೆ ಅಂದ್ಕೊಂಡೆ. ಒಂಬತ್ತು ವರ್ಷ ನಂಗಾಗ."

"ಅದಕ್ಕೆ ಏಟು ತಿಂದಿದ್ದು ನಾನು ಕಣೇ. ಜೇಬಲ್ಲಿ ಸದಾ ಮೊಳೆ ತಿರುಪು ಇಟ್ಕೋತಾನೆ ಅಂತ ಅಮ್ಮ ನನ್ನನ್ನೇ ಹಿಡಿದ್ಲು. ನೀನು ಪಕ್ಕದಲ್ಲೇ ನಿಂತು ಪಾಪ ಅಂತಿದ್ದೆ."

"ನಿಜವಾಗ್ಲೂ ಪಾಪ ಅನ್ನಿಸ್ತು."

"ಅಷ್ಟಾದ್ರೂ ಅನ್ನಿಸ್ತಲ್ಲ, ದೊಡ್ಡ ಉಪಕಾರ."

ತಿರುಪು ಕಳೆದ ಆ ದಿನವೇ ಅಮ್ಮನಿಗೆ ಹೆರಿಗೆಯ ಕರೆ ಬಂದಿತ್ತು. ಕಾರಿಲ್ಲದೆ ಅವಳು ಹಾಲಿನವನ ಸೈಕಲ್ಲಿನ ಹಿಂದೆ ಕೂತು, ಚೀಲವನ್ನು ಎದೆಗವಚಿಕೊಂಡು ಹೋಗಿದ್ದಳು.

"ನಾನು ಹೋಗೋಷ್ಟರಲ್ಲಿ ಕೂಸು ಹುಟ್ಟಿ ಅಳ್ತಿತ್ತು," ಎಂದಳು. "ಪಕ್ಕದ ಮನೆ ಅಜ್ಜಿ ಶೂ ಲೇಸು ಕಟ್ಟಿ ಹೊಕ್ಕುಳಬಳ್ಳಿ ಕತ್ತರಿಸಿದ್ರು. ತಾಯಿ, ಮಗು ಇಬ್ರೂ ಚೆನ್ನಾಗಿದ್ರು. ಮನೆಗೆ ಬಂದು ಆ ಭಯಕ್ಕೇ ಇವನಿಗೆ ಹೊಡೆದೆ. ಆಮೇಲೆ ತಿರುಪು ಡಬ್ಬೀಲಿ ಸಿಕ್ಕಾಗ, ನಾನೇ ಇಟ್ಟು ಮರೆತಿದ್ದೀನಿ ಅಂದ್ಕೊಂಡೆ. ಅವತ್ತಿಂದ ಅದನ್ನ ಸೆರಗಿಗೆ ಗಂಟು ಹಾಕ್ಕೊಳ್ಳೋಕೆ ಶುರು ಮಾಡ್ದೆ." ಆಮೇಲೆ ಮಗನ ಕಡೆ ವಾಲಿದಳು. "ಬಾರೋ ಇಲ್ಲಿ. ಎಲ್ಲಿ ಹೊಡೆದಿದ್ದೆ?"

"ಬಿಡಮ್ಮ. ಆ ಜಾಗ ತೋರಿಸೋ ವಯಸ್ಸಾ ಇದು?"

ಅಮ್ಮ ನಕ್ಕಳು. ನಗು ಕೆಮ್ಮಿಗೆ ತಿರುಗಿದಾಗ ಅಕ್ಕ ಎದ್ದು ನೀರು ತಂದಳು.

ಹತ್ತು ಇಪ್ಪತ್ತಕ್ಕೆ ಹನಿ ನಿಂತಿತು. ಅಕ್ಕ ತಟ್ಟೆಯ ಎಣ್ಣೆಯಲ್ಲಿ ಥರ್ಮಾಮೀಟರ್ ಅದ್ದಿ ನೋಡಿದಳು, ಗಾಳಿಯಷ್ಟೇ ತಣ್ಣಗಾಗಿತ್ತು. ಫಿಲ್ಟರಿನಿಂದ ಬಸಿದದ್ದನ್ನೂ ಸೇರಿಸಿ, ಒಂದು ಲೀಟರಿನ ಗಾಜಿನ ಅಳತೆ ಜಾಡಿಗೆ ಹುಯ್ದಳು. ಮೊದಲ ಸಲ ತುಂಬಿತು, ಅದನ್ನು ಹಳೆಯ ಡಬ್ಬಕ್ಕೆ ಸುರಿದಳು, ಎರಡನೆಯ ಸಲವೂ ತುಂಬಿತು. ಮೂರನೆಯ ಸಲ ತಟ್ಟೆಯನ್ನು ಓರೆ ಮಾಡಿ, ಅಂಚನ್ನು ರಬ್ಬರಿನಿಂದ ಸವರಿ, ಎಣ್ಣೆ ಪೂರ್ತಿ ಇಳಿಯುವವರೆಗೆ ಕಾದಳು.

ತಮ್ಮ ನಿಂತಲ್ಲಿಂದಲೇ ಬಗ್ಗಿ, "ಲೀಟರ್ ಆಯ್ತು ಬಿಡು," ಎಂದ.

"ಕಣ್ಣಿನ ಮಟ್ಟಕ್ಕೆ ಕೂತು ನೋಡು. ಕನ್ನಡಕದ ಅಂಗಡಿ ಇಟ್ಟೋನು ನೀನು."

ಅವನು ಮಂಡಿಯೂರಿ ಕೂತ. ಇಬ್ಬರ ತಲೆಗಳೂ ಜಾಡಿಯ ಎದುರು ಒಂದಕ್ಕೊಂದು ತಾಗಿದವು. ತಮ್ಮ ಲೀಟರಿನ ಗೆರೆಗೆ ಉಗುರಿಟ್ಟ; ಎಣ್ಣೆ ಅದರ ಕೆಳಗಿತ್ತು.

"ಬಿಸಿ ಇದ್ದಾಗ್ಲೇ ಅಳೆದಿದ್ರೆ?" ಎಂದು ತಮ್ಮ ಮೆಲ್ಲಗೆ ಕೇಳಿದ.

"ಮೂರು ದಾಟ್ತಿತ್ತು."

"ತಟ್ಟೆಗೆ ಇನ್ನೂ ಅಂಟ್ಕೊಂಡಿದೆ ಅಕ್ಕ. ನಿನ್ನ ಕೈಗೂ ಆಗಿದೆ. ಮೂರು ಅಂತ ಬರಿ. ಗುಜರಿಯವನಿಗೆ ಬರೋದು ಬೇಡ ಅಂತ ನಾನು ಹೇಳ್ಕೋತೀನಿ."

ಅಕ್ಕ ಅಮ್ಮನನ್ನು ನೋಡಿದಳು. ಅಮ್ಮ ಕಾರನ್ನು ನೋಡುತ್ತಿದ್ದಳು. ಆಮೇಲೆ, "ಬಂದಷ್ಟು ಬರಿಯಮ್ಮ," ಎಂದಳು. "ನೀನು ಕ್ಷೇಮವಾಗಿ ಮನೆಗೆ ಬರಬೇಕು."

ಅಕ್ಕ ಕೈ ಒರೆಸಿಕೊಂಡು ಪೆನ್ನು ತೆಗೆದು, ಕಾರಿನ ಲೆಕ್ಕದ ಪುಸ್ತಕದಲ್ಲಿ ತುಂಬಿದ್ದು ನಾಲ್ಕು ಲೀಟರ್ ಎಂದಿದ್ದ ಸಾಲಿನ ಕೆಳಗೆ ಬರೆದಳು: ಇಳಿದದ್ದು, ಎರಡು ಲೀಟರ್ ಒಂಬೈನೂರ ಎಪ್ಪತ್ತು ಮಿಲಿಲೀಟರ್.