ಕಾಜಾ ಅಕ್ಕನ ಪಾಲಿನ ಚಿಂದಿ

ಆ ಹೊಲಿಗೆ ಅಂಗಡಿಯಲ್ಲಿ ಯಾರಾದರೂ ಮುಖ ಸಪ್ಪೆ ಮಾಡಿಕೊಂಡು ಬಂದರೆ ಸಮಾಧಾನ ಹೇಳುವ ರೂಢಿ ಇರಲಿಲ್ಲ. ಕತ್ತರಿಸಿ ಬಿದ್ದ ರಾಶಿಯಿಂದ ಒಂದು ಚಿಂದಿ ಎತ್ತಿ, "ತಗೋ, ಕಣ್ಣೊರೆಸ್ಕೋ" ಎಂದು ಕೈಗಿಡುವುದು, ಮಿಕ್ಕವರೆಲ್ಲ "ಅಯ್ಯೋ ಪಾಪ!" ಎಂದು ರಾಗ ಎಳೆಯುವುದು. ಇದನ್ನು ಶುರು ಮಾಡಿದವಳೇ ಕಾಜಾ ಅಕ್ಕ. ಅಂಗಿಯ ಗುಂಡಿ ತೂರುವ ಸೀಳಿನ ಸುತ್ತ ದಾರ ಹೆಣೆದು ಕಾಜಾ ಮಾಡುವುದು ಅವಳ ಕೆಲಸ. ಬಾಯಿ ಮಾತ್ರ ಕೈಯಲ್ಲಿದ್ದ ಸೂಜಿಗಿಂತ ಚೂಪು. ಇಸ್ತ್ರಿಯವನನ್ನು ಮದುವೆಯಾಗಬೇಕಿದ್ದ ಹುಡುಗಿ ಒಲ್ಲೆ ಎಂದ ದಿನ, "ಒಂದು ಚೂರು ಸಾಕಾಗುತ್ತೇನೋ, ಇಡೀ ಬಟ್ಟೆ ಥಾನೇ ಬಿಚ್ಚಲಾ?" ಎಂದು ಕೇಳಿದ್ದಳು. ಅವನು ನಕ್ಕಿದ್ದ. ನಗದೆ ಏನು ಮಾಡಿಯಾನು?

ಇವತ್ತು ಅವಳಿಗೇ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಕಿಟಕಿ ಪಕ್ಕದ ಹಿರಿಯ ದರ್ಜಿ ಕೆಲಸ ಬಿಟ್ಟ ಮೇಲೆ ಆ ಜಾಗ ನಿನಗೇ ಎಂದು ಯಜಮಾನ ಎಂದೋ ಮಾತು ಕೊಟ್ಟಿದ್ದ. ಬೆಳಿಗ್ಗೆ ಬಂದು ನೋಡಿದರೆ ಅಲ್ಲಿ ಹೊಸ ಕಸೂತಿ ಮಷೀನು ಠೀವಿಯಿಂದ ಕೂತಿತ್ತು.

"ಏನ್ ಯಜಮಾನ್ರೇ, ಇದಕ್ಕೂ ಗಾಳಿ ಬೆಳಕು ಬೇಕಾ?"

"ಪ್ಲಗ್ಗು ಇರೋದೇ ಅಲ್ಲಿ ಅಲ್ವೇನಕ್ಕ. ನಿನಗೂ ಒಂದು ಪ್ಲಗ್ಗು ಬೇಕಾ?"

ಎಲ್ಲರೂ ನಕ್ಕರು. ಅವಳೂ ನಕ್ಕಳು. ಕಣ್ಣಿಗೆ ಪೊರೆ ಬರುತ್ತಿದೆಯೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೆಣೆಯುವುದು ಬೆರಳಿಗೇ ಗೊತ್ತು. ಸೂಜಿಗೆ ದಾರ ಪೋಣಿಸಲು ಮಾತ್ರ ಬೆಳಕು ಬೇಕು. ಈ ಮೂಲೆಯಲ್ಲಿ ಎಷ್ಟು ದಿನ ಮುಚ್ಚಿಟ್ಟಾಳು? ತಿಳಿದರೆ ಕೆಲಸಕ್ಕೇ ಸಂಚಕಾರ. ಹೇಳಿಕೊಳ್ಳೋಣವೆಂದರೆ, ಯಾರ ಹತ್ತಿರ? ತಾನು ಚಿಂದಿ ಹಂಚಿದವರ ಹತ್ತಿರವೇ?

ಎದ್ದು ನೀರು ಕುಡಿದಳು. ಸ್ಟೂಲನ್ನು ಈ ಕಡೆ ತಿರುಗಿಸಿದಳು, ಆ ಕಡೆ ತಿರುಗಿಸಿದಳು. ಬಾಗಿಲಿಗೆ ಹೋಗಿ, ಬೀದಿಯಲ್ಲಿ ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಬಂದಳು.

"ಅಕ್ಕನ ಕಾಲಿಗೆ ಇವತ್ತು ಚಕ್ರ," ಎಂದ ಕಾಲರು ಹೊಲಿಯುವವನು. "ಸಿಂಹಾಸನ ಹೋಯ್ತಲ್ಲ! ಹಿಡಿಯಕ್ಕ, ಕಣ್ಣೊರೆಸ್ಕೋ." ಚಿಂದಿಯೊಂದು ಹಾರಿ ಬಂತು.

"ಅಯ್ಯೋ ಪಾಪ!"

"ಒರಟು ಬಟ್ಟೆ ಕಣೋ. ನಾನು ರೇಷ್ಮೆ ಕೊಟ್ಟರೆ ಮಾತ್ರ ಅಳೋದು."

ನಗುವಿನ ಮಧ್ಯೆ ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಸೂಜಿಗೆ ಹಿಡಿದಳು. ತಪ್ಪಿತು. ಮತ್ತೆ ಹಿಡಿದಳು, ಮತ್ತೆ ತಪ್ಪಿತು. ತಲೆಯೆತ್ತಿದರೆ ಇಸ್ತ್ರಿಯವನು ನೋಡುತ್ತಿದ್ದ.

"ಏನೋ ಗುರಾಯಿಸ್ತೀಯಾ? ಅಂಗಿ ಸುಟ್ಟೀತು."

"ಸುಟ್ಟರೆ ಚಿಂದಿ ಕೊಡೋಕೆ ನೀನಿದ್ದೀಯಲ್ಲ," ಎಂದ ಅವನು.

ಊಟ ಮುಗಿಸಿ ಎಲ್ಲರೂ ಬಂದು ಕೂತಾಗ ಇಸ್ತ್ರಿಯವನು ಮಡಿಸಿದ ಚಿಂದಿಯೊಂದನ್ನು ಅವಳ ಮಡಿಲಿಗೆ ಹಾಕಿದ. "ಒಂದು ಚೂರು ಸಾಕಾಗಲ್ಲ ಅನ್ಸುತ್ತೆ. ಇನ್ನೊಂದು ಇಟ್ಕೋ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ಅಯ್ಯೋ ಪಾಪ!" ಎಂದರು ಎಲ್ಲರೂ. ಮುಖಕ್ಕೇ ಎಸೆಯೋಣವೆಂದು ಅವಳು ಅದನ್ನು ಹಿಡಿದರೆ ಬೆರಳಿಗೆ ಏನೋ ಚುಚ್ಚಿತು. ಬಿಚ್ಚಿದಳು. ಸಾಲಾಗಿ ಸೂಜಿಗಳು, ಪ್ರತಿಯೊಂದಕ್ಕೂ ಪೋಣಿಸಿದ ದಾರ.

ಅವನ ಕಡೆ ನೋಡಿದಳು. ಅವನು ಆಗಲೇ ಮೇಜಿಗೆ ಮರಳಿ ಬಟ್ಟೆಗೆ ನೀರು ಚಿಮುಕಿಸುತ್ತಿದ್ದ.

ಅಳತೆಪಟ್ಟಿ ಹುಡುಕುವ ನೆಪದಲ್ಲಿ ಅವನ ಹತ್ತಿರ ಹೋಗಿ ಮೆಲ್ಲಗೆ ಅಂದಳು: "ದಾರ ಗಿಡ್ಡ ಆಯ್ತಲ್ಲೋ. ಇಷ್ಟು ವರ್ಷ ಇಲ್ಲಿದ್ದು ಇಷ್ಟೂ ಬರಲ್ವಾ?"

"ಅಯ್ಯೋ ಪಾಪ," ಎಂದ ಅವನು, ತಲೆಯೆತ್ತದೆ. "ನಾಳೆ ಉದ್ದ ಇರುತ್ತೆ, ಹೋಗು."

ಮೂಲೆಗೆ ಬಂದು ಕೂತಳು. ಸಂಜೆವರೆಗೆ ಸಾಲುತ್ತವೆಯೋ ಇಲ್ಲವೋ ಎಂದು ಸೂಜಿಗಳನ್ನು ತಡವುತ್ತಲೇ ಮೊದಲ ಕಾಜಾಕ್ಕೆ ಕೈ ಹಾಕಿದಳು.