ಸುಮ್ಮನೆ ನೋಡುವ ಹತ್ತು ದಿನ

ಹತ್ತೊಂಬತ್ತು ವರ್ಷ ಮಕ್ಕಳ ನಡುವೆಯೇ ಇದ್ದರೂ ತಾನು ಮಕ್ಕಳನ್ನು ನೋಡಿರಲಿಲ್ಲ ಅನ್ನುವುದು ಫಾಮಿದಾಗೆ ತಿಳಿದದ್ದು ನಲವತ್ತೆರಡನೇ ವಯಸ್ಸಿನಲ್ಲಿ. ಅದೂ ತುಮಕೂರಿನಲ್ಲಿ, ಒಂದು ಭಾನುವಾರ, ಮೂವತ್ತು ಜನರ ಮುಂದೆ.

ಚಿಕ್ಕನಾಯಕನಹಳ್ಳಿಯಿಂದ ಎರಡು ಹರದಾರಿ ದೂರದ ಹಳ್ಳಿಯ ಅಂಗನವಾಡಿಗೆ ಅವಳೇ ಟೀಚರು. ಎರಡು ವರ್ಷದಿಂದ ಶಿಶು ಶಿಕ್ಷಣದಲ್ಲಿ ಎಂಎ ಓದುತ್ತಿದ್ದಳು. ಮನೆಯಲ್ಲೇ ಓದು, ತಿಂಗಳಿಗೆರಡು ಭಾನುವಾರ ತುಮಕೂರಿನಲ್ಲಿ ಪಾಠ. ಕೊನೆಯ ಪರೀಕ್ಷೆಗೆ ಮೊದಲು ಒಂದು ಕೆಲಸ ಒಪ್ಪಿಸಬೇಕಿತ್ತು: ಒಂದೇ ಒಂದು ಮಗುವನ್ನು ಆರಿಸಿಕೊಂಡು, ಹತ್ತು ದಿನ, ದಿನಕ್ಕೆ ಅರ್ಧ ಗಂಟೆ ದೂರ ಕೂತು ನೋಡಿ, ಕಂಡದ್ದನ್ನು ಕಂಡ ಹಾಗೆ ಬರೆಯುವುದು.

ಅವಳು ಆರಿಸಿಕೊಂಡದ್ದು ಐದೂವರೆ ವರ್ಷದ ರಂಗಶ್ರೀಯನ್ನು. ಮಾತಿಲ್ಲ, ಹಾಡಿಲ್ಲ, ಬಣ್ಣದ ಬಿಲ್ಲೆ ಕೊಟ್ಟರೆ ಕೆಂಪು ಯಾವುದು ಹಳದಿ ಯಾವುದು ಅಂತ ಬೇರೆ ಮಾಡುವುದಿಲ್ಲ. ಇದರಲ್ಲಿ ನೋಡುವುದಾದರೂ ಏನಿದೆ ಅಂದುಕೊಂಡ ಫಾಮಿದಾ, ತಿಂಗಳ ಕೊನೆಗೆ ಮಕ್ಕಳ ತೂಕದ ಪುಸ್ತಕವನ್ನು ಅಂದಾಜಿನಲ್ಲೇ ತುಂಬುವ ಅಭ್ಯಾಸದಲ್ಲೇ ಹತ್ತೂ ದಿನದ್ದನ್ನು ಒಂದೇ ಮಧ್ಯಾಹ್ನ ಬರೆದು ಮುಗಿಸಿದ್ದಳು.

ಪಾಠ ಹೇಳುವ ಅನಿತಾ ಮೇಡಂ ಆ ಹಾಳೆಗಳನ್ನು ತಿರುವಿ ಹಾಕಿ ಕೇಳಿದರು: "ಹದಿನೈದನೇ ತಾರೀಕು ಹನ್ನೊಂದು ಗಂಟೆಗೆ ಮಗು ಗೋಡೆ ಕಡೆ ತಿರುಗಿ ಒಬ್ಬಳೇ ಕೂತಿದ್ಳು ಅಂತ ಬರೆದಿದ್ದೀರ, ಅಲ್ವಾ?"

"ಹೌದು ಮೇಡಂ."

"ಅವತ್ತು ಸಂಕ್ರಾಂತಿ ಕಣ್ರೀ ಫಾಮಿದಾ. ಊರಿಗೆಲ್ಲ ರಜ. ನಾನು ಎಳ್ಳು ಬೀರ್ತಾ ಇದ್ದೆ. ನೀವು ಯಾವ ಗೋಡೆ ನೋಡ್ತಿದ್ರಿ?"

ಕ್ಲಾಸೆಲ್ಲ ಘೊಳ್ಳೆಂದಿತು. ಫಾಮಿದಾಳೂ ನಕ್ಕಳು. ನಗುತ್ತಿದ್ದ ಹಾಗೇ ಕಿವಿ ಬಿಸಿಯಾಯಿತು. ಮೇಡಂ ದನಿ ತಗ್ಗಿಸಿದರು. "ಫೆಬ್ರವರಿ ಕೊನೇವರೆಗೂ ಟೈಮಿದೆ. ಹೋಗಿ ನೋಡಿ. ಇಲ್ಲಾಂದ್ರೆ ಪರೀಕ್ಷೆ ಮುಂದಿನ ವರ್ಷಾನೇ."

ಬಸ್ಸಿನಲ್ಲಿ ಕೂತು ಬರುವಾಗ ಅವಳನ್ನು ಕುಟುಕಿದ್ದು ಮುಂದಿನ ವರ್ಷದ ಮಾತಲ್ಲ. ದೀಪಾವಳಿ ಹೊತ್ತಿಗೆ ರಂಗಶ್ರೀಯ ಅಜ್ಜಿ ಅಂಕಮ್ಮ ಬಂದು, ಜೂನಿಗೆ ಒಂದನೇ ಕ್ಲಾಸಿಗೆ ಹಾಕೋದಾ ಅಂತ ಕೇಳಿದಾಗ, "ಇವಳು ಸ್ವಲ್ಪ ಮಂದ ಕಣಮ್ಮ" ಅಂತ ಫಾಮಿದಾ ಅಂದುಬಿಟ್ಟಿದ್ದಳು. ಅಜ್ಜಿ ಜಗಳವಾಡಲಿಲ್ಲ. "ಹಂಗಾದ್ರೆ ಯುಗಾದಿ ಕಳೀಲಿ, ಕುರಿ ಹಿಂದೆ ಕಳುಸ್ತೀನಿ ಬುಡಿ. ಹಣೇಲಿ ಬರ್ದಿರೋದೇ ಅಷ್ಟು" ಅಂದು ಹೋಗಿದ್ದಳು. ಆ ಮಾತನ್ನೂ ತಾನು ನೋಡದೆಯೇ ಆಡಿದ್ದಾದರೆ? ಯುಗಾದಿಗೆ ಇನ್ನು ಎರಡೇ ತಿಂಗಳು.

ಮಾರನೇ ದಿನ ಅಂಗನವಾಡಿಯ ಮೂಲೆಯಲ್ಲೊಂದು ಚಾಪೆ ಹಾಕಿಕೊಂಡು ಕೂತಳು. ಅಡುಗೆ ಮಾಡುವ ಸಿದ್ದಕ್ಕನಿಗೆ ಮಕ್ಕಳನ್ನು ನೋಡಿಕೊಳ್ಳಲು ಹೇಳಿದ್ದಾಯಿತು.

"ಅಲ್ಲ ಕಣ್ರೀ ಟೀಚರಮ್ಮ, ಸುಮ್ಕೆ ಕುಂತು ನೋಡೋಕೂ ಎಂಎ ಓದ್ಬೇಕಾ?" ಅಂದಳು ಸಿದ್ದಕ್ಕ. "ಹಂಗಾದ್ರೆ ನಮ್ಮೂರ ಅರಳಿಕಟ್ಟೆ ಮುದುಕ್ರೆಲ್ಲ ಪ್ರೊಫೆಸರ್‌ಗಳೇ ಬುಡಿ!"

ಸುಮ್ಮನೆ ಕೂರುವುದು ಎಷ್ಟು ಕಷ್ಟ ಅಂತ ಮೊದಲ ದಿನವೇ ತಿಳಿಯಿತು. ಒಬ್ಬನ ಮೂಗು ಒರೆಸಲು, ಒಬ್ಬಳ ಗುಂಡಿ ಹಾಕಲು ಕೈ ತಾನಾಗಿ ಏಳುತ್ತಿತ್ತು. ಪುಸ್ತಕದಲ್ಲಿ "ಮಂಕಾಗಿ ಕೂತಿದ್ದಾಳೆ" ಅಂತ ಬರೆದು ಹೊಡೆದು ಹಾಕಿದಳು. ಮಂಕು ಕಣ್ಣಿಗೆ ಕಾಣುವ ವಸ್ತುವೇ? "ಕೂತಿದ್ದಾಳೆ" ಅಂತಷ್ಟೇ ಉಳಿಯಿತು.

ನಾಲ್ಕನೇ ದಿನದ ಹೊತ್ತಿಗೆ ಅವಳೊಳಗಿನ ಯಾವುದೋ ಅವಸರ ಸಡಿಲವಾಯಿತು. ಕಿಟಕಿಯ ಬಿಸಿಲು ನೆಲದ ಮೇಲೆ ತೆವಳುತ್ತಿತ್ತು. ಹೊರಗೆ ಗಾಳಿ ಬೀಸಿದಾಗಲೆಲ್ಲ ತೆಂಗಿನ ಗರಿಯ ನೆರಳು ಮಕ್ಕಳ ಬೆನ್ನ ಮೇಲೆ ಹಾದುಹೋಗುತ್ತಿತ್ತು. ಕೆರೆಯ ತಳದಲ್ಲಿ ಕೂತು ಮೇಲೆ ಆಡುವ ಮೀನುಗಳನ್ನು ನೋಡುತ್ತಿರುವಂತೆ ಅವಳಿಗೆ ಭಾಸವಾಗುತ್ತಿತ್ತು. ಆ ನೀರಿನ ನಡುವೆ ರಂಗಶ್ರೀ ಒಂದು ಬಿಲ್ಲೆ ಎತ್ತಿದಳು. ಕಣ್ಣು ಮುಚ್ಚಿದಳು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಎಡಕ್ಕಿಟ್ಟಳು. ಇನ್ನೊಂದು, ಬಲಕ್ಕೆ. "ಅಲ್ಲಾಡಿಸಬೇಡ ಕಣೇ, ಬಣ್ಣ ನೋಡು" ಅಂತ ಫಾಮಿದಾ ನೂರು ಸಲ ಗದರಿದ್ದ ಆಟವೇ ಅದು.

ಆರನೇ ದಿನ ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಆ ಎರಡು ಗುಡ್ಡೆಯ ಮುಂದೆ ಮಂಡಿಯೂರಿ, ತಾನೂ ಒಂದೊಂದನ್ನೇ ಕಿವಿಗೆ ಹಿಡಿದಳು. ಹಳೇ ಪೊಳ್ಳು ಪ್ಲಾಸ್ಟಿಕ್ಕಿನ ಬಿಲ್ಲೆಗಳು. ಕೆಲವು ಬಿರುಕು ಬಿಟ್ಟು ಒಳಗೆ ಮರಳು ಸೇರಿಕೊಂಡಿತ್ತು. ಎಡಗಡೆಯ ಗುಡ್ಡೆಯಲ್ಲಿದ್ದವೆಲ್ಲ ಸದ್ದು ಮಾಡಿದವು. ಬಲಗಡೆಯದು ಒಂದೂ ಮಾಡಲಿಲ್ಲ. ಎಲ್ಲೂ ತಪ್ಪಿರಲಿಲ್ಲ.

"ಸಿದ್ದಕ್ಕಾ, ಬಂದು ಕೇಳಿ ಇಲ್ಲಿ."

ಸಿದ್ದಕ್ಕ ಸೆರಗಿಗೆ ಕೈ ಒರೆಸುತ್ತ ಬಂದಳು. "ಇದೇನು ಹೊಸಾದಾ? ಅವ್ರಜ್ಜಿ ಅಟ್ಟದ ಮ್ಯಾಲೆ ಕೊಬ್ಬರಿಗೆ ಇಟ್ಟಿರೋ ಕಾಯಿ ಆರಿಸೋವಾಗ ಇವ್ಳನ್ನೇ ಕೂರಿಸ್ಕಳೋದು. ಲೊಡಲೊಡ ಅಂದ್ರೆ ಒಳಗೆ ಒಣಗೈತೆ, ಸುಲಿಯೋಕೆ ಹಾಕು. ಇಲ್ದಿದ್ರೆ ಇನ್ನೊಂದು ತಿಂಗ್ಳು ಬುಡು. ಈ ಮಗೀನ ಕಿವಿ ತಪ್ಪಿದ್ದು ನಾನ್ ಕಾಣೆ."

"ನಂಗ್ಯಾಕೆ ಹೇಳ್ಲಿಲ್ಲ ನೀವು?"

"ನೀವೆಲ್ಲಿ ಕೇಳಿದ್ರಿ? ನೀವು ಬಣ್ಣ ಕೇಳ್ತಿದ್ರಿ."

ಉಳಿದ ನಾಲ್ಕು ದಿನ ಫಾಮಿದಾ ಕಣ್ಣಿನ ಜೊತೆ ಕಿವಿಯನ್ನೂ ತೆರೆದು ಕೂತಳು. ಮಿಕ್ಕವರು ಹಾಡುವಾಗ ರಂಗಶ್ರೀಯ ತುಟಿ ಸದ್ದಿಲ್ಲದೆ ಆಡುತ್ತಿತ್ತು. ಕುಕ್ಕರು ಕೂಗುವುದಕ್ಕೆ ಮೊದಲೇ ಅವಳ ಮುಖ ಅಡುಗೆಮನೆಯತ್ತ ತಿರುಗುತ್ತಿತ್ತು. ಮಧ್ಯಾಹ್ನ, ಎಲ್ಲ ಮಕ್ಕಳೂ ಮಲಗಿ ಅವರ ಉಸಿರು ಒಂದೇ ಆಗಿ ಹೋದ ಗಳಿಗೆಯಲ್ಲಿ, ಅವಳು ಗೋಡೆಗೆ ಬಾಯಿ ತಾಗಿಸುವಷ್ಟು ಹತ್ತಿರ ಕೂತು ಬೆಳಗಿನ ಹಾಡನ್ನು ಪೂರ್ತಿ ಹೇಳಿದಳು. ಒಂದು ಸಾಲೂ ಬಿಡಲಿಲ್ಲ. ಹೇಳಿ, ಗೋಡೆಯಿಂದ ಮರಳಿದ ತನ್ನ ದನಿಗೆ ಕಿವಿಗೊಟ್ಟು, ನಕ್ಕಳು. ನನಗೆ ನಿದ್ದೆ ಬಂದು ಕನಸೇನಾದರೂ ಕಂಡೆನೇ ಅಂತ ಫಾಮಿದಾ ಸಿದ್ದಕ್ಕನ ಮುಖ ನೋಡಿದಳು. ಸಿದ್ದಕ್ಕನೂ ಸೌಟು ಹಿಡಿದುಕೊಂಡು ಹಾಗೇ ನಿಂತಿದ್ದಳು.

ಕೊನೆಯ ಪುಟದಲ್ಲಿ ಬರೆದಳು: "ಈ ಮಗುವನ್ನು ಮಂದ ಎಂದವಳು ನಾನು. ನೋಡದೆ ಹೇಳಿದ್ದೆ. ತಪ್ಪು ನನ್ನದು." ಇದನ್ನು ಓದಿ ಮೇಡಂ ಎಷ್ಟು ಅಂಕ ಕೊಡುತ್ತಾರೋ, ಅಂಗನವಾಡಿ ನೋಡಲು ಬರುವ ಸೂಪರ್ವೈಸರ್ ಕೈಗೆ ಸಿಕ್ಕರೆ ಏನನ್ನುತ್ತಾರೋ. ಆದರೆ ತುಮಕೂರಿಗೆ ಹೋಗುವ ಮೊದಲು ಇದು ಹೋಗಬೇಕಾದ ಮನೆ ಇನ್ನೊಂದಿತ್ತು.

ಅಂಕಮ್ಮ ಅಂಗಳದಲ್ಲಿ ಕೂತು ತೆಂಗಿನ ಗರಿಯಿಂದ ಪೊರಕೆ ಕಡ್ಡಿ ಹೆರೆಯುತ್ತಿದ್ದಳು. ಫಾಮಿದಾ ಎದುರಿಗೆ ಕೂತು, ಹತ್ತು ದಿನದ್ದನ್ನೂ ಓದಿದಳು. ಅಜ್ಜಿಯ ಕುಡುಗೋಲು ಮೊದಲು ನಿಧಾನವಾಯಿತು, ಆಮೇಲೆ ನಿಂತಿತು.

"ಅಂದ್ರೆ, ಮಂದ ಅಂದಿದ್ದು?"

"ಅದು ನನ್ನ ತಪ್ಪು ಅಂಕಮ್ಮ."

"ನಾಕು ತಿಂಗ್ಳು ಕಣ್ರೀ!" ಅಜ್ಜಿಯ ದನಿ ಏರಿತು. "ನಾಕು ತಿಂಗ್ಳು ಈ ಮಗೀನ ಮಕ ನೋಡ್ದಾಗೆಲ್ಲ ನನ್ನ ಹೊಟ್ಟೇಲಿ ಕೆಂಡ ಇಟ್ಟಂಗಾಗ್ತಿತ್ತು. ತಪ್ಪು ಅಂತೆ, ತಪ್ಪು."

ಫಾಮಿದಾ ಏಳಲಿಲ್ಲ. ಸುಮ್ಮನೆ ಕೂರುವುದನ್ನು ಈಗ ಕಲಿತಿದ್ದಳಲ್ಲ. ಹೊತ್ತು ತೋಟದಾಚೆ ಇಳಿಯುತ್ತಿತ್ತು. ಅಜ್ಜಿ ಕಣ್ಣೊರೆಸಿಕೊಂಡು, ಗರಿಯನ್ನು ಪಕ್ಕಕ್ಕೆ ತಳ್ಳಿದಳು.

"ಇಸ್ಕೂಲಿಗೆ ಸೇರಿಸೋ ದಿನ ನೀವೂ ನಂಜೊತೆ ಬರ್ಬೇಕು."

"ಬತ್ತೀನಿ."

"ಆ ಹೆಡ್‌ಮಾಸ್ಟ್ರ ಮುಂದೆ ಇದನ್ನೇ ಓದ್ಬೇಕು. ತಪ್ಪು ನಂದು ಅಂತ ಬರ್ದಿರೋದೂ ಸೇರಿಸಿ."

"ಓದ್ತೀನಿ."

ಅಂಕಮ್ಮ ಒಳಗಡೆ ತಿರುಗಿ ಕೂಗಿದಳು. "ಲೇ ರಂಗಿ, ಬಾರೇ ಇಲ್ಲಿ, ನಿನ್ನ ಟೀಚರಮ್ಮ ಬಂದವ್ರೆ." ಆಮೇಲೆ ಫಾಮಿದಾಳ ಕಡೆಗೆ: "ಇನ್ನೊಂದು ಕಿತ ಓದಿ. ಮೊದ್ಲಿಂದ. ಇವ್ಳೂ ಕೇಳ್ಲಿ."

ಬಾಗಿಲಲ್ಲಿ ಸಣ್ಣ ನೆರಳು ಬಂದು ನಿಂತಿತು. ಫಾಮಿದಾ ಪುಸ್ತಕವನ್ನು ಮೊದಲ ದಿನದ ಪುಟಕ್ಕೆ ತಿರುವಿದಳು.